ಬರ್ಲಿನ್‌ನಲ್ಲಿ ಅಪ್ಪನ ಹೆಸರಿನ ಪೋಸ್ಟ್ ಡಬ್ಬಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಹೊಸ ದೇಶಕ್ಕೆ ಹೋದವರ ಮೊದಲ ದಿನಗಳ ಬಗ್ಗೆ ಮಾತಾಡಿ ಅಂತ ಈ ಕಾರ್ಯಕ್ರಮದವರು ಕೇಳಿದಾಗ ನಾನು ಮೊದಲು ಬೇಡ ಅಂದಿದ್ದೆ. ಬರ್ಲಿನ್‌ಗೆ ಬಂದು ಆರು ತಿಂಗಳೂ ತುಂಬಿಲ್ಲ. ಇಲ್ಲಿ ಹತ್ತು ಹದಿನೈದು ವರ್ಷದಿಂದ ಇರೋ ಕನ್ನಡದವರಿದ್ದಾರೆ, ಅವರನ್ನ ಕೇಳಿ, ನನಗೇನು ಗೊತ್ತು ಅಂದೆ. ಆಮೇಲೆ ಅಂಥ ಇಬ್ಬರನ್ನ ನಾನೇ ಕೇಳಿದೆ, ನಿಮ್ಮ ಮೊದಲ ವಾರ ಹೇಗಿತ್ತು ಅಂತ. ಒಬ್ಬರು "ಚಳಿ" ಅಂದ್ರು. ಇನ್ನೊಬ್ಬರು "ಆಗ ಕರಿಬೇವು ಸಿಗ್ತಿರ್ಲಿಲ್ಲ" ಅಂದ್ರು. ಅಷ್ಟೇ. ಮಿಕ್ಕಿದ್ದೆಲ್ಲ ಅವರಿಗೆ ಮರೆತುಹೋಗಿದೆ. ನನಗೂ ಮರೆಯುತ್ತೆ. ಅದಕ್ಕೇ ಈಗಲೇ ಹೇಳಿಬಿಡೋಣ ಅಂತ ಒಪ್ಪಿಕೊಂಡೆ.

ನಮ್ಮೂರು ತಿಪಟೂರು. ಅಪ್ಪ ಅಲ್ಲೇ ಮೂವತ್ತನಾಲ್ಕು ವರ್ಷ ಪೋಸ್ಟ್‌ಮ್ಯಾನ್ ಆಗಿದ್ರು, ಈಗ ರಿಟೈರ್ ಆಗಿದ್ದಾರೆ. ಅಮ್ಮ ಹೋಗಿ ಮೂರು ವರ್ಷ. ಅಕ್ಕ ಹಾಸನದಲ್ಲಿ, ಅತ್ತೆ ಮನೆ ಪಕ್ಕದ ಬೀದಿಯಲ್ಲಿ. ಅಂದ್ರೆ ಅಪ್ಪ ಮನೆಯಲ್ಲಿ ಒಬ್ಬರೇ. ಇದನ್ನ ಮೊದಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನು ಬರ್ಲಿನ್ ನೋಡಿದ್ದು ಅರ್ಧ ನನ್ನ ಕಣ್ಣಲ್ಲಿ, ಅರ್ಧ ಅಪ್ಪನ ಕಣ್ಣಲ್ಲಿ. ರಾತ್ರಿ ಫೋನ್ ಮಾಡಿದಾಗ "ಇವತ್ತೇನು ನೋಡ್ದೆ?" ಅಂತ ಕೇಳೋರು. ಹಾಗಾಗಿ ಬೆಳಗ್ಗೆಯಿಂದಲೇ, ಇದು ಅಪ್ಪನಿಗೆ ಹೇಳೋದು, ಇದು ಹೇಳಬಾರದ್ದು ಅಂತ ಎರಡು ಚೀಲ ಇಟ್ಟುಕೊಂಡೇ ಓಡಾಡ್ತಿದ್ದೆ.

2025ರ ಸೆಪ್ಟೆಂಬರ್ ಮೊದಲ ವಾರ, ಶನಿವಾರ ರಾತ್ರಿ ಬಂದಿಳಿದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮೊದಲ ಆರು ತಿಂಗಳು ಪ್ರೊಬೇಷನ್. ಏರ್‌ಪೋರ್ಟ್‌ನಿಂದ ರೈಲು ಹತ್ತೋವಾಗ ಗೇಟೂ ಇಲ್ಲ, ತಡೆಯೋರೂ ಇಲ್ಲ. ಟಿಕೆಟ್ ತಗೊಂಡು ಪಕ್ಕದ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸ್ಕೋಬೇಕು, ಅಷ್ಟೇ. ಬೇಕಾದ್ರೆ ಹಾಗೇ ಹತ್ತಬಹುದು. ಆದ್ರೆ ಮಾಮೂಲಿ ಬಟ್ಟೆ ಹಾಕ್ಕೊಂಡು ಪಕ್ಕದಲ್ಲೇ ಕೂತಿರೋನು ಎದ್ದು ನಿಂತು ಟಿಕೆಟ್ ಕೇಳಿದ್ರೆ 60 ಯೂರೋ ದಂಡ. ಅಪ್ಪನಿಗೆ ಇದು ಬಹಳ ಇಷ್ಟವಾಯ್ತು. "ನಂಬಿಕೆ ಮೇಲೆ ನಡೆಯೋ ಊರು" ಅಂದ್ರು. ನಂಬಿಕೆನೋ ದಂಡದ ಭಯನೋ, ನನಗಿನ್ನೂ ತೀರ್ಮಾನ ಆಗಿಲ್ಲ.

ಮಾರನೇ ದಿನ ಭಾನುವಾರ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಅಂತ ಎಲ್ಲರೂ ಹೇಳಿದ್ರು, ನಾನೂ ತಲೆಯಾಡಿಸಿದ್ದೆ. ತಲೆಯಾಡಿಸೋದು ಬೇರೆ, ಬ್ಯಾಗಲ್ಲಿ ಅಕ್ಕಿ ಇರೋದು ಬೇರೆ. ಅತ್ತೆ ಕಟ್ಟಿಕೊಟ್ಟಿದ್ದ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಇತ್ತು. ಆ ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕೊಬ್ಬರಿ ಮಿಠಾಯಿ. ತಿಪಟೂರಿನವಳಿಗೆ ಅದು ಸರಿಯೇ ಬಿಡಿ.

ಸಿಕ್ಕ ಮನೆ ವೆಡ್ಡಿಂಗ್ ಅನ್ನೋ ಏರಿಯಾದಲ್ಲಿ. ಹೆಸರು ಕೇಳಿ ಅತ್ತೆಗೆ ಸಂತೋಷ ಆಯ್ತು. ಮದುವೆಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರೂ "ಇರಲಿ ಬಿಡೇ, ಒಳ್ಳೆ ಶಕುನ" ಅಂದ್ರು. ನೂರು ವರ್ಷಕ್ಕೂ ಹಳೆಯ ಕಟ್ಟಡ. ರಸ್ತೆಗೆ ಮುಖ ಮಾಡಿ ಮುಂದಿನ ಮನೆ, ನಡುವೆ ಅಂಗಳ, ಪಕ್ಕದ ರೆಕ್ಕೆ, ಹಿಂದಿನ ಮನೆ. ಎಲ್ಲಕ್ಕೂ ಒಂದೇ ನಂಬರ್. ನನ್ನದು ಪಕ್ಕದ ರೆಕ್ಕೆಯಲ್ಲಿ ಮೂರನೇ ಮಹಡಿ. ಮೂಲ ಬಾಡಿಗೆದಾರ ಆರು ತಿಂಗಳು ಬೇರೆ ದೇಶಕ್ಕೆ ಹೋಗಿದ್ದ, ಅವನ ಮನೆಯನ್ನ ನಾನು ಒಳಬಾಡಿಗೆಗೆ ತಗೊಂಡಿದ್ದೆ.

ಆ ಶನಿವಾರ ರಾತ್ರಿ ಎರಡು ಸೂಟ್‌ಕೇಸ್ ಎಳ್ಕೊಂಡು ಬಾಗಿಲ ಮುಂದೆ ನಿಂತಾಗ ಮೊದಲು ಕಂಡದ್ದು ಹಿತ್ತಾಳೆ ಬಣ್ಣದ ಒಂದು ದೊಡ್ಡ ಹಲಗೆ, ಅದರ ತುಂಬ ಕಾಲಿಂಗ್ ಬೆಲ್. ಒಂದರಲ್ಲೂ ಮನೆ ನಂಬರ್ ಇಲ್ಲ. ಬರೀ ಹೆಸರು. ಟರ್ಕಿಯವರ ಹೆಸರು, ಪೋಲೆಂಡಿನವರ ಹೆಸರು, ಅರಬ್ಬರ ಹೆಸರು, ಜರ್ಮನ್ ಹೆಸರು. ಕೆಲವು ಅಚ್ಚಾಗಿದ್ವು, ಕೆಲವು ಬಾಲ್‌ಪೆನ್ನಲ್ಲಿ ಬರೆದು ಟೇಪ್ ಅಂಟಿಸಿದ್ವು. ಫ್ಲ್ಯಾಟ್ ನಂಬರ್ 302, ಬಿ ಬ್ಲಾಕ್ ಅಂತ ಬೆಂಗಳೂರಲ್ಲಿ ಎಂಟು ವರ್ಷ ಬದುಕಿದವಳಿಗೆ ಇದು ವಿಚಿತ್ರ ಅನ್ನಿಸ್ತು. ಆ ಅಪಾರ್ಟ್‌ಮೆಂಟ್‌ನಲ್ಲಿ ಎದುರು ಮನೆಯವರ ಹೆಸರು ಕೊನೆವರೆಗೂ ನನಗೆ ಗೊತ್ತಿರ್ಲಿಲ್ಲ, 303 ಅಂತಲೇ ಅವರು. ಇಲ್ಲಿ ಒಬ್ಬರ ಮುಖವನ್ನೂ ನೋಡದೆ ಇಪ್ಪತ್ತು ಮನೆಯವರ ಹೆಸರು ಓದಿಬಿಟ್ಟೆ.

ಅಪ್ಪನಿಗೆ ಹೇಳಿದಾಗ ಅವರು ಎದ್ದು ಕೂತ್ರು. "ಮನೆ ನಂಬರ್ ಇಲ್ದೆ ಕಾಗದ ಹೇಗೆ ಹಾಕ್ತಾರೆ?" ಹೆಸರು ನೋಡಿ ಹಾಕ್ತಾರೆ ಅಪ್ಪ ಅಂದೆ. "ಅದು ಸರಿ. ಮನೆ ಬದಲಾಯ್ಸಿದ್ರೆ?" ಹೆಸರು ಕಿತ್ತು ಹೊಸ ಹೆಸರು ಅಂಟಿಸ್ತಾರೆ ಅಂದೆ. "ಅಂಟಿಸೋಕೆ ಮರೆತ್ರೆ?" ಅಂದ್ರು. ನನಗೆ ನಗು ಬಂತು. ಆ ಪ್ರಶ್ನೆಯನ್ನ ಅವತ್ತೇ ಸರಿಯಾಗಿ ಕೇಳಿಸ್ಕೊಂಡಿದ್ರೆ ಎರಡು ತಿಂಗಳ ಸಂಕಟ ತಪ್ಪುತ್ತಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಅಲ್ಲಿಂದ ಮುಂದೆ ನಾನು ಅಪ್ಪನಿಗೋಸ್ಕರ ಪೋಸ್ಟ್‌ಮ್ಯಾನ್ ಥರ ಊರು ನೋಡೋಕೆ ಶುರು ಮಾಡಿದೆ. ಬೇರೆಯವರು ಬ್ರಾಂಡನ್‌ಬರ್ಗ್ ಗೇಟ್ ಫೋಟೋ ಕಳಿಸ್ತಾರೆ, ನಾನು ಮನೆ ನಂಬರ್‌ಗಳ ಫೋಟೋ ಕಳಿಸ್ತಿದ್ದೆ. ಅದರಲ್ಲೊಂದು ಕಥೆ ಇದೆ. ನಮ್ಮಲ್ಲಿ ಒಂದು ಬದಿ ಬೆಸ, ಇನ್ನೊಂದು ಬದಿ ಸಮ ಅಂತ ಇರೋದುಂಟು. ಬರ್ಲಿನ್‌ನ ಎಷ್ಟೋ ಹಳೆಯ ರಸ್ತೆಗಳಲ್ಲಿ ಹಾಗಿಲ್ಲ. ಒಂದು ಬದಿಯಲ್ಲಿ 1, 2, 3 ಅಂತ ರಸ್ತೆ ಮುಗಿಯೋವರೆಗೂ ಹೋಗುತ್ತೆ. ಅಲ್ಲಿಂದ ತಿರುಗಿ ಎದುರು ಬದಿಯಲ್ಲಿ ಅದೇ ಎಣಿಕೆ ವಾಪಸ್ ಬರುತ್ತೆ, ಕುದುರೆ ಲಾಳದ ಹಾಗೆ. ಹಾಗಾಗಿ 5ನೇ ನಂಬರಿನ ಎದುರಿಗೆ 140 ಇರಬಹುದು. ಮೊದಲ ವಾರ ಒಂದು ಬ್ಯಾಂಕ್ ಹುಡುಕೋಕೆ ಇಡೀ ರಸ್ತೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನಡೆದೆ. ಈ ಊರಿನವರಿಗೆ ಬುದ್ಧಿ ಇಲ್ವಾ ಅಂತ ಬೈಕೊಂಡು ಫೋನ್ ಮಾಡಿದ್ರೆ ಅಪ್ಪ ಬೇರೆಯದೇ ಹೇಳಿದ್ರು. "ಅದು ಬೀಟಿಗೆ ಅನುಕೂಲ ಕಣಮ್ಮ. ಒಂದು ಬದಿ ಹಂಚಿಕೊಂಡು ಹೋಗಿ ಇನ್ನೊಂದು ಬದಿ ಹಂಚಿಕೊಂಡು ಬರಬಹುದು. ರಸ್ತೆ ದಾಟೋ ಕೆಲಸವೇ ಇಲ್ಲ." ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು. ಬರ್ಲಿನ್‌ನಲ್ಲಿ ಒಂದೇ ಹೆಸರಿನ ರಸ್ತೆಗಳು ಹಲವಾರಿವೆ. 1920ರಲ್ಲಿ ಸುತ್ತಮುತ್ತಲಿನ ಪಟ್ಟಣಗಳು, ಹಳ್ಳಿಗಳನ್ನೆಲ್ಲ ಸೇರಿಸಿ ಮಹಾ ಬರ್ಲಿನ್ ಮಾಡಿದ್ರಂತೆ. ಒಂದೊಂದು ಊರಿಗೂ ಅದರದ್ದೇ ಸ್ಟೇಷನ್ ರೋಡು, ಅದರದ್ದೇ ಮೇನ್ ರೋಡು ಇತ್ತಲ್ಲ, ಎಷ್ಟೋ ಕಡೆ ಅವು ಹಾಗೇ ಉಳಿದವು. ಬೆಂಗಳೂರಿನಲ್ಲಿ ಬಡಾವಣೆಗೊಂದು ಫಸ್ಟ್ ಮೇನ್, ಫಸ್ಟ್ ಕ್ರಾಸ್ ಇರೋ ಹಾಗೆ. ಅದಕ್ಕೇ ಪಿನ್‌ಕೋಡ್ ಬರೆಯದಿದ್ರೆ ಕಾಗದ ಎಲ್ಲೋ ಹೋಗುತ್ತೆ. ಆ ಪಿನ್‌ಕೋಡೂ ಹಳೆಯದಲ್ಲ. ದೇಶ ಎರಡಾಗಿದ್ದಾಗ ಎರಡೂ ಕಡೆ ನಾಲ್ಕಂಕಿಯ ಕೋಡ್ ಇತ್ತು. 1990ರಲ್ಲಿ ಒಂದಾದ ಮೇಲೆ ಒಂದೇ ನಂಬರ್ ಎರಡೆರಡು ಊರಿಗೆ ಬಂತು. ಸ್ವಲ್ಪ ಕಾಲ ಪಶ್ಚಿಮದ್ದಕ್ಕೆ ಒಂದಕ್ಷರ, ಪೂರ್ವದ್ದಕ್ಕೆ ಒಂದಕ್ಷರ ಮುಂದೆ ಹಾಕಿ ಕಳಿಸ್ತಿದ್ರು. 1993ರ ಜುಲೈ 1ರಿಂದ ಐದಂಕಿಯ ಹೊಸ ಕೋಡ್ ಬಂತು. ನಮ್ಮ ಆರಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ರದ್ದು, ಅಪ್ಪನಿಗೆ ಆ ತಾರೀಖು ಬಾಯಿಪಾಠ. "ಹಾಗಾದ್ರೆ ಪಿನ್‌ಕೋಡಲ್ಲಿ ನಾವು ಅವರಿಗಿಂತ ಸೀನಿಯರ್ ಅನ್ನು" ಅಂತ ಒಂದು ವಾರ ಸಿಕ್ಕಸಿಕ್ಕವರಿಗೆ ಹೇಳ್ಕೊಂಡು ಓಡಾಡಿದ್ರಂತೆ.

ನಮ್ಮ ಮನೆಯಿಂದ ನಡೆದು ಹೋಗೋ ದೂರದಲ್ಲಿ ಬೆರ್ನಾವರ್ ಸ್ಟ್ರಾಸೆ ಇದೆ. ಗೋಡೆಯ ನೆನಪಿನ ಜಾಗ. 1961ರಲ್ಲಿ ಗೋಡೆ ಎದ್ದಾಗ ಆ ರಸ್ತೆಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ವು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ ಸೇರಿತ್ತು. ಹೊಸ್ತಿಲು ದಾಟಿದ್ರೆ ಬೇರೆ ಆಡಳಿತ. ಆ ಬಾಗಿಲುಗಳಿಗೆಲ್ಲ ಇಟ್ಟಿಗೆ ಕಟ್ಟಿ ಮುಚ್ಚಿದ್ರು. ಜನ ಕಿಟಕಿಯಿಂದ ಹಾರಿದ್ರು, ಕೆಲವರು ಸತ್ತರು. ಅದನ್ನ ಹೇಳ್ತಾ ನನ್ನ ಗಂಟಲು ಕಟ್ಟಿತು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಪೋಸ್ಟ್‌ಮ್ಯಾನ್ ಎಲ್ಲಿ ನಿಂತ್ಕೋಬೇಕು?" ಅಂದ್ರು.

ಇದೆಲ್ಲ ಹೇಳೋ ಚೀಲದ್ದು. ಈಗ ಇನ್ನೊಂದು ಚೀಲ.

ಖಾಲಿ ಬಾಟಲಿ ವಿಷಯ ಹೇಳಲಿಲ್ಲ. ಇಲ್ಲಿ ನೀರು, ಜ್ಯೂಸ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತೆ, ಅಂಗಡಿಯಲ್ಲಿರೋ ಯಂತ್ರಕ್ಕೆ ಬಾಟಲಿ ಹಾಕಿದ್ರೆ ದುಡ್ಡು ವಾಪಸ್. ಒಳ್ಳೆಯ ವ್ಯವಸ್ಥೆ. ಆದ್ರೆ ಎರಡನೇ ವಾರ ಸಂಜೆ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ಒಬ್ಬರನ್ನ ನೋಡಿದೆ. ಅಪ್ಪನ ವಯಸ್ಸು, ಇಸ್ತ್ರಿ ಮಾಡಿದ ಕೋಟು, ಕೈಯಲ್ಲೊಂದು ಟಾರ್ಚು. ಕಸದ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಬಾಟಲಿ ತೆಗೆದು, ಚೀಲಕ್ಕೆ ಹಾಕ್ಕೊಂಡು, ಮುಂದಿನ ಡಬ್ಬಿಗೆ ಹೋದ್ರು. ಯಾರೂ ಅವರನ್ನ ನೋಡ್ತಿರ್ಲಿಲ್ಲ. ಅಥವಾ ನೋಡಬಾರದು ಅಂತ ನೋಡ್ತಿರ್ಲಿಲ್ಲ. ಇಂಥವರು ಡಬ್ಬಿಗೆ ಕೈ ಹಾಕದಿರಲಿ ಅಂತ ಬಾಟಲಿಯನ್ನ ಡಬ್ಬಿಯ ಪಕ್ಕದಲ್ಲೇ ಇಡೋ ಪದ್ಧತಿ ಇದೆ, ಅದು ಆಮೇಲೆ ಗೊತ್ತಾಯ್ತು. ಈಗ ನಾನೂ ಹಾಗೇ ಇಡ್ತೀನಿ. ಇಷ್ಟು ಶ್ರೀಮಂತ ದೇಶದಲ್ಲಿ ವಯಸ್ಸಾದವರು ಹೀಗೆ ಅಂತ ಅಪ್ಪನಿಗೆ ಹೇಳಿದ್ರೆ, ಅವರು ಆ ಮುದುಕರ ಬಗ್ಗೆ ಯೋಚನೆ ಮಾಡ್ತಿರ್ಲಿಲ್ಲ, ನನ್ನ ಬಗ್ಗೆ ಮಾಡ್ತಿದ್ರು. ಅದಕ್ಕೆ ಹೇಳಲಿಲ್ಲ.

ಮುಖ್ಯವಾಗಿ ಹೇಳದೆ ಇದ್ದದ್ದು ಕಾಗದದ ವಿಷಯ. ಹೊಸಬರಿಗೆ ಇದು ಉಪಯೋಗಕ್ಕೆ ಬರಬಹುದು, ಸ್ವಲ್ಪ ವಿವರವಾಗಿ ಹೇಳ್ತೀನಿ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಮನೆ ಕೊಟ್ಟವರು, ಹೌದು ಇವರು ಇಲ್ಲಿದ್ದಾರೆ ಅಂತ ಬರೆದು ಸಹಿ ಮಾಡಿದ ಕಾಗದ ಬೇಕು. ಅದು ಆದ ಮೇಲೆ ತೆರಿಗೆ ನಂಬರ್ ಬರುತ್ತೆ, ಹನ್ನೊಂದು ಅಂಕಿಯದು. ಅದು ಎಸ್ಸೆಮ್ಮೆಸ್‌ನಲ್ಲಿ ಬರಲ್ಲ, ಇಮೇಲ್‌ನಲ್ಲಿ ಬರಲ್ಲ. ಪೋಸ್ಟ್‌ನಲ್ಲಿ ಬರುತ್ತೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆ, ಅದರ ಪಿನ್ ಇನ್ನೊಂದು ಲಕೋಟೆ. ಆರೋಗ್ಯ ವಿಮೆಯ ಕಾರ್ಡೂ ಪೋಸ್ಟ್‌ನಲ್ಲೇ. ನಮ್ಮಲ್ಲಿ ತರಕಾರಿ ಗಾಡಿಯವರೂ ಫೋನಲ್ಲಿ ದುಡ್ಡು ತಗೋತಾರೆ, ಇಲ್ಲಿ ಎಲ್ಲಕ್ಕೂ ಕಾಗದ ಕಾಯಬೇಕು. ಅಪ್ಪನಿಗೆ ಇದೂ ಬಹಳ ಹೆಮ್ಮೆಯ ವಿಷಯವಾಗಿತ್ತು. ನಮ್ಮ ಕಡೆ ರಿಜಿಸ್ಟರ್ಡ್ ಪೋಸ್ಟ್ ಅನ್ನೋದನ್ನೇ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ರು. ಆ ಬೇಜಾರಲ್ಲಿದ್ದವರಿಗೆ, ದೂರದ ಒಂದು ದೇಶದಲ್ಲಿ ಪೋಸ್ಟ್‌ಮ್ಯಾನ್ ಇಲ್ದೆ ಕೆಲಸ ನಡೆಯಲ್ಲ ಅಂತ ಕೇಳಿದ್ದು ಸಮಾಧಾನ.

ಆದ್ರೆ ನನಗೆ ಕಾಗದ ಬರಲಿಲ್ಲ. ನೋಂದಣಿ ಸೆಪ್ಟೆಂಬರ್ ಮಧ್ಯದಲ್ಲೇ ಆಗಿತ್ತು. ಎರಡು ವಾರ ಆಯ್ತು, ನಾಲ್ಕು ವಾರ ಆಯ್ತು, ಒಂದು ಲಕೋಟೆಯೂ ಇಲ್ಲ. ತೆರಿಗೆ ನಂಬರ್ ಇಲ್ಲದಿದ್ರೆ ಆರನೇ ವರ್ಗ ಅಂತ ಒಂದಿದೆ, ಅತಿ ಹೆಚ್ಚು ತೆರಿಗೆ ಹಿಡಿಯೋ ವರ್ಗ, ಅದರಲ್ಲಿ ನನ್ನ ಸಂಬಳ ಹಿಡಿದ್ರು. ಕೈಗೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮುಂದೆ ವಾಪಸ್ ಬರುತ್ತೆ ಅಂತ ಎಲ್ಲರೂ ಹೇಳಿದ್ರು. ಮುಂದೆ ಅಂದ್ರೆ ಯಾವಾಗ? ಬಾಡಿಗೆ ಈ ತಿಂಗಳದ್ದು. ಮನೆಗೆ ಮುಂಗಡ ಕಟ್ಟೋಕೆ ಊರಲ್ಲಿ ತಗೊಂಡಿದ್ದ ಸಾಲದ ಕಂತೂ ಈ ತಿಂಗಳದ್ದೇ. ಅಪ್ಪ ಕೇಳಿದ್ರೆ "ಎಲ್ಲ ಸರಿ ಇದೆಯಪ್ಪ, ಸಂಬಳ ಬಂತು" ಅಂತಿದ್ದೆ. ಸುಳ್ಳಲ್ಲ, ಬಂದಿತ್ತಲ್ಲ.

ಹಳೆಯ ಕಾಗದಗಳಲ್ಲಿ "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು ಮಾಡ್ತಿದ್ರು ನೋಡಿ, ಹಾಗಿತ್ತು ನಮ್ಮ ಫೋನು. ನಾನು ಕ್ಷೇಮ, ನೀವು ಕ್ಷೇಮ, ಮುಂದಿನ ಮಾತು. ಆದ್ರೆ ಒಂದು ಮರೆತಿದ್ದೆ. ಅಪ್ಪ ಬೀಟಿನಲ್ಲಿದ್ದಾಗ ಓದೋಕೆ ಬರದವರಿಗೆ ಅವರೇ ಕಾಗದ ಒಡೆದು ಓದಿ ಹೇಳ್ತಿದ್ರು. ಸೂರತ್‌ಗೋ ಮುಂಬೈಗೋ ಕೆಲಸಕ್ಕೆ ಹೋದ ಮಗ "ಇಲ್ಲಿ ಎಲ್ಲ ಚೆನ್ನಾಗಿದೆ, ಮುಂದಿನ ತಿಂಗಳು ದುಡ್ಡು ಕಳಿಸ್ತೀನಿ" ಅಂತ ಬರೆದಿದ್ರೆ, ಅದರ ಅರ್ಥ ಏನು ಅಂತ ಅವರಿಗೆ ಗೊತ್ತಿರ್ತಿತ್ತು. ಬರೆಯದೆ ಬಿಟ್ಟದ್ದನ್ನ ಓದೋದರಲ್ಲಿ ಮೂವತ್ತನಾಲ್ಕು ವರ್ಷದ ಸರ್ವಿಸ್ ಅವರದ್ದು.

ಅಕ್ಟೋಬರ್ 26ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು. ಇದೂ ಹೊಸಬರಿಗೆ ಒಂದು ಪೆಟ್ಟು, ಯಾರೂ ಮೊದಲೇ ಹೇಳಲ್ಲ. ಅದುವರೆಗೆ ಕೆಲಸ ಮುಗಿಸಿ ಐದೂವರೆಗೆ ಫೋನ್ ಮಾಡಿದ್ರೆ ಊರಲ್ಲಿ ಒಂಬತ್ತು ಗಂಟೆ, ಅಪ್ಪ ಊಟ ಮುಗಿಸಿ ಜಗಲಿ ಮೇಲೆ ಕೂತಿರೋರು. ಗಡಿಯಾರ ಹಿಂದೆ ಹೋದ ಮೇಲೆ ಅದೇ ಐದೂವರೆ ಅಂದ್ರೆ ಅಲ್ಲಿ ಹತ್ತು. ಅವರು ಮಲಗೋ ಹೊತ್ತು. ದಿನಕ್ಕೆ ಒಂದು ಗಂಟೆ ಅಷ್ಟೇ, ಆದ್ರೆ ಸರಿಯಾಗಿ ನಮ್ಮ ಗಂಟೆಯನ್ನೇ ತೆಗೆದುಬಿಟ್ರು ಅನ್ನಿಸ್ತು. ಅದರ ಜೊತೆಗೆ ಕತ್ತಲೆ. ಡಿಸೆಂಬರ್‌ನಲ್ಲಂತೂ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತೆ, ಬೆಳಗ್ಗೆ ಎಂಟಾದ್ರೂ ಎದ್ದಿರಲ್ಲ. ಚಳಿ ನನಗೆ ಕಷ್ಟ ಆಗಲಿಲ್ಲ, ದುಡ್ಡು ಕೊಟ್ರೆ ಜಾಕೆಟ್ ಸಿಗುತ್ತೆ. ಕತ್ತಲೆಗೆ ಹಾಕ್ಕೊಳ್ಳೋ ಬಟ್ಟೆ ಇಲ್ಲ.

ಆ ವಾರ ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತು ಫೋನ್ ಮಾಡಿದೆ. ಅಪ್ಪ "ಯಾಕೆ ಧ್ವನಿ ಹಾಗಿದೆ?" ಅಂದ್ರು. ಅಷ್ಟೇ ಕೇಳಿದ್ದು. ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಕಾಗದ ಬಂದಿಲ್ಲ, ಸಂಬಳ ಅರ್ಧ, ಸಾಲ ಇದೆ, ಈ ಊರಲ್ಲಿ ನನ್ನ ಹೆಸರು ಹಿಡಿದು ಕರೆಯೋರು ಒಬ್ಬರೂ ಇಲ್ಲ, ವಾಪಸ್ ಬರ್ತೀನಿ ಅಂದೆ. ಅವರು ಸಮಾಧಾನ ಮಾಡಲಿಲ್ಲ. "ಡಬ್ಬಿ ಮೇಲೆ ನಿನ್ನ ಹೆಸರು ಇದೆಯೇನಮ್ಮ?" ಅಂದ್ರು.

ಇರಲಿಲ್ಲ. ಬೆಲ್ಲಿನ ಮೇಲೆ ಮೂಲ ಬಾಡಿಗೆದಾರನ ಹೆಸರು, ಡಬ್ಬಿಯ ಮೇಲೂ ಅವನದ್ದೇ. ಎರಡು ತಿಂಗಳು ದಿನಾ ಆ ಡಬ್ಬಿ ಬಾಗಿಲು ತೆಗೆದು ನೋಡ್ತಿದ್ದೆ, ಅದರ ಮೇಲೆ ಏನು ಬರೆದಿದೆ ಅಂತ ನೋಡಿರಲಿಲ್ಲ. ಎಲ್ಲರ ಹೆಸರು ಓದಿದವಳು ನನ್ನ ಹೆಸರು ಇಲ್ಲ ಅನ್ನೋದನ್ನ ಗಮನಿಸಲಿಲ್ಲ. "ಬಂದಿರುತ್ತೆ ಕಣಮ್ಮ. ಈ ವಿಳಾಸದಲ್ಲಿ ಇಲ್ಲ ಅಂತ ಬರೆದು ವಾಪಸ್ ಕಳಿಸಿರ್ತಾರೆ. ನಾನೂ ಅದನ್ನೇ ಮಾಡ್ತಿದ್ದೆ" ಅಂದ್ರು. ಆಮೇಲೆ "ಶನಿವಾರ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಕೆಳಗೆ ನಿಂತ್ಕೋ. ಆಫೀಸಿಗೆ ಹೋಗಬೇಡ. ಬೀಟಿನವನನ್ನೇ ಹಿಡಿ" ಅಂದ್ರು.

ಶನಿವಾರ ಹತ್ತು ಗಂಟೆಯಿಂದ ಕೆಳಗಿನ ಓಣಿಯಲ್ಲಿ, ಡಬ್ಬಿಗಳ ಸಾಲಿನ ಪಕ್ಕ ನಿಂತೆ. ಹನ್ನೊಂದೂವರೆಗೆ ಬಂದ್ರು. ಬೀಟಿನವನಲ್ಲ, ಬೀಟಿನವಳು. ಐವತ್ತರ ಆಸುಪಾಸು, ಹಳದಿ ಗಾಡಿ ತಳ್ಕೊಂಡು. ಇಲ್ಲಿ ಪೋಸ್ಟಿನ ಬಣ್ಣ ಹಳದಿ. ನನ್ನ ಮುರುಕು ಜರ್ಮನ್‌ನಲ್ಲಿ ಬರೆದು ಬಾಯಿಪಾಠ ಮಾಡ್ಕೊಂಡಿದ್ದ ನಾಲ್ಕು ವಾಕ್ಯದಲ್ಲಿ ಎರಡು ಹೇಳೋ ಹೊತ್ತಿಗೆ ಅವರಿಗೆ ಅರ್ಥವಾಗಿತ್ತು. "ಕುಟುಂಬದ ಹೆಸರು ಏನು?" ಅಂದ್ರು. ಹೇಳಿದೆ. ಅವರು ತಲೆಗೆ ಕೈ ಹಚ್ಚಿ "ಆ!" ಅಂದ್ರು. ಆ ಹೆಸರಿನ ಎಷ್ಟೋ ಕಾಗದ ಬಂದು ವಾಪಸ್ ಹೋಗಿದ್ವಂತೆ, ಅಷ್ಟು ಉದ್ದದ ಹೆಸರು ಅವರಿಗೆ ನೆನಪಿತ್ತು. ತಮ್ಮ ಜೇಬಿಂದ ಪೆನ್ನು ಕೊಟ್ಟು, ಈಗಲೇ ಬರಿ ಅಂತ ಕೈಸನ್ನೆ ಮಾಡಿದ್ರು.

ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಕುಟುಂಬದ ಹೆಸರು ಅಂತ ಇರಲ್ಲ, ಇನಿಷಿಯಲ್ ಇರುತ್ತೆ. ಪಾಸ್‌ಪೋರ್ಟ್ ಮಾಡಿಸೋವಾಗ ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಹಾಕಿದ್ದೆ. ಇಲ್ಲಿ ಆಫೀಸು, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಕೊನೆಯ ಹೆಸರಿಗೆ ಶ್ರೀಮತಿ ಅನ್ನೋ ಅರ್ಥದ "ಫ್ರೌ" ಸೇರಿಸಿ ಕರೀತಾರೆ. ಅಂದ್ರೆ ನನ್ನನ್ನ ಎಲ್ಲರೂ ಅಪ್ಪನ ಹೆಸರಿಂದಲೇ ಕರೀತಾರೆ, ಶ್ರೀಮತಿ ಅಪ್ಪ ಅಂತ. ಮೊದಲ ಸಲ ಕ್ಲಿನಿಕ್‌ನಲ್ಲಿ ಕೂಗಿದಾಗ, ಅಪ್ಪ ಇಲ್ಲೆಲ್ಲಿ ಬಂದ್ರು ಅಂತ ತಿರುಗಿ ನೋಡಿದ್ದೆ. ಅವರ ಹೆಸರನ್ನ ಇಲ್ಲಿ ಹೇಳಲ್ಲ, ಹೇಳಬೇಡ ಅಂದಿದ್ದಾರೆ.

ಡಬ್ಬಿಯ ಮೇಲೆ ಬರೆದು ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ನನ್ನ ಹೆಸರು ಯಾಕೆ ಬರೆದೆ? ನಿನ್ನ ಹೆಸರು ಬರಿ." ಇಲ್ಲಿ ಇದೇ ನನ್ನ ಹೆಸರು ಅಪ್ಪ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹೆಸರಿಗೆ ಜೀವಮಾನದಲ್ಲಿ ಬಂದದ್ದು ಎಲ್‌ಐಸಿ ನೋಟೀಸು ಒಂದೇ" ಅಂದ್ರು.

ತೆರಿಗೆ ನಂಬರಿಗೆ ಮತ್ತೆ ಅರ್ಜಿ ಹಾಕಿದೆ, ನವೆಂಬರ್ ಕೊನೆಗೆ ಬಂತು. ಸಂಬಳವೂ ಸರಿಹೋಯ್ತು. ಇದನ್ನ ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೆಯ ಕಥೆ.

ಡಿಸೆಂಬರ್‌ನಲ್ಲಿ ಅತ್ತೆ ಫೋನ್ ಮಾಡಿದ್ರು, ಬೇರೆ ಏನೋ ವಿಷಯಕ್ಕೆ. ಮಾತಿನ ಮಧ್ಯೆ "ಈಗ ನಿಮ್ಮಪ್ಪನ ಕೈ ಪರವಾಗಿಲ್ಲ, ಕಟ್ಟು ಬಿಚ್ಚಿದಾರೆ" ಅಂದ್ರು. ಯಾವ ಕಟ್ಟು? ಅಕ್ಟೋಬರ್ ಮಧ್ಯದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಅತ್ತೆ ಮನೆಯಿಂದ ಊಟ ಹೋಗ್ತಿತ್ತು. ನನಗೆ ಹೇಳಬಾರದು ಅಂತ ಅಕ್ಕನಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆಲ್ಲ ಆಣೆ ಹಾಕಿಸಿದ್ರಂತೆ. ಆಗ ಅರ್ಥ ಆಯ್ತು, "ನೆಟ್‌ವರ್ಕ್ ಸರಿ ಇಲ್ಲ, ವಿಡಿಯೋ ಬೇಡ" ಅಂತ ಯಾಕೆ ಹೇಳ್ತಿದ್ರು ಅಂತ. ನಾನು ಬೆಂಚಿನ ಮೇಲೆ ಕೂತು ಅತ್ತು, ಡಬ್ಬಿ ಮೇಲೆ ಹೆಸರಿದೆಯಾ ಅಂತ ಅವರು ಕೇಳಿದಾಗ, ಅವರ ಕೈ ಪ್ಲಾಸ್ಟರ್‌ನಲ್ಲಿತ್ತು.

ಸಿಟ್ಟು ಬಂತು. ನನಗೂ ಎರಡು ಚೀಲ ಇತ್ತು ಅನ್ನೋದು ಮರೆತು ಕೂಗಾಡಿದೆ. ಆ ರಾತ್ರಿ ವಿಮಾನದ ಟಿಕೆಟ್ ನೋಡಿದೆ. ಎರಡು ಗಂಟೆ ನೋಡಿದೆ. ತಗೊಳ್ಳಲಿಲ್ಲ. ಪ್ರೊಬೇಷನ್, ಡಿಸೆಂಬರ್‌ನ ಟಿಕೆಟ್ ದರ ಅಂತೆಲ್ಲ ಅಕ್ಕನಿಗೆ ಕಾರಣ ಹೇಳಿದೆ, ಅವೂ ನಿಜವೇ. ಆದ್ರೆ ಇನ್ನೊಂದೂ ಇತ್ತು. ಹೋದ್ರೆ ಮತ್ತೆ ಬರೋಕಾಗಲ್ಲ ಅಂತ ಗೊತ್ತಿತ್ತು, ಮತ್ತು ನನಗೆ ಬರಬೇಕಿತ್ತು. ಮುಖದ ಮೇಲೆ ನಗುವಿಲ್ಲದ, ಭಾನುವಾರ ಸತ್ತಂತಿರೋ, ನಾಲ್ಕಕ್ಕೇ ಕತ್ತಲಾಗೋ ಈ ಊರು ಯಾವಾಗಲೋ ನನಗೆ ಇಷ್ಟ ಆಗಿಬಿಟ್ಟಿತ್ತು. ಇದನ್ನ ಅಪ್ಪನಿಗೆ ಹೇಳೋದು ಸಂಬಳದ ವಿಷಯಕ್ಕಿಂತ ಕಷ್ಟ ಆಯ್ತು. ಹೇಳಿದೆ. "ಗೊತ್ತು" ಅಂದ್ರು. ಎಷ್ಟು ನೋವಿತ್ತು ಆ "ಗೊತ್ತು" ಅನ್ನೋದರಲ್ಲಿ ಅಂತ ಫೋನಲ್ಲಿ ತಿಳಿಯಲ್ಲ.

ಆಮೇಲೆ ಒಂದು ಒಪ್ಪಂದ ಮಾಡ್ಕೊಂಡ್ವಿ. ಫೋನಲ್ಲಾಗಲಿ ಕಾಗದದಲ್ಲಾಗಲಿ, ಮೊದಲು ಕೆಟ್ಟ ಸುದ್ದಿ. ಚಿಕ್ಕದಾದ್ರೂ ಸರಿ, ಕೆಟ್ಟದ್ದು ಮೊದಲು. ಕುಶಲೋಪರಿ ಎಲ್ಲ ಆಮೇಲೆ. ಮಧ್ಯಾಹ್ನ ಹನ್ನೆರಡೂವರೆಗೆ, ಅಲ್ಲಿ ಸಂಜೆ ಐದಕ್ಕೆ ಫೋನು. ನಾನು ಬಾಟಲಿ ಆಯೋ ಮುದುಕರ ವಿಷಯ ಹೇಳಿದೆ. ಅವರು ಬಚ್ಚಲಿಗೆ ಹಿಡಿಕೆ ಹಾಕಿಸೋಕೆ ಇನ್ನೂ ಆಳು ಸಿಕ್ಕಿಲ್ಲ ಅಂದ್ರು. ಅದನ್ನ ಮೂರು ವಾರ ಅದೇ ಕೆಟ್ಟ ಸುದ್ದಿಯಾಗಿ ಹೇಳಿದ್ರು, ಕೊನೆಗೆ ಅಕ್ಕ ಹಾಸನದಿಂದ ಆಳು ಕರ್ಕೊಂಡು ಹೋದ್ಲು.

ಜನವರಿಯಲ್ಲಿ ಒಂದು ಕಾರ್ಡ್ ಬರೆದು 1.25 ಯೂರೋ ಸ್ಟಾಂಪ್ ಹಚ್ಚಿ ತಿಪಟೂರಿಗೆ ಹಾಕಿದ್ದೆ. ಹೋದ ವಾರ ಡಬ್ಬಿಯಲ್ಲಿ ಉತ್ತರ ಬಂತು. ಅಕ್ಷರ ಸ್ವಲ್ಪ ಓರೆ, ಮಣಿಕಟ್ಟು ಇನ್ನೂ ಪೂರ್ತಿ ತಿರುಗಲ್ಲ. ಲಕೋಟೆಯ ಮೇಲೆ ಇಂದ ಅನ್ನೋ ಕಡೆ ಅವರ ಹೆಸರು. ಗೆ ಅನ್ನೋ ಕಡೆ ಫ್ರೌ ಅಂತ ಬರೆದು, ನನ್ನ ಹೆಸರು ಚಿಕ್ಕದಾಗಿ, ಮತ್ತೆ ಅವರದೇ ಹೆಸರು ದೊಡ್ಡದಾಗಿ, ಕೆಳಗೆ ಎರಡು ಗೆರೆ. ಪಿನ್‌ಕೋಡ್ ಐದಂಕಿ, ಒಂದೊಂದೂ ಬಿಡಿಬಿಡಿಯಾಗಿ. ಪೋಸ್ಟಿನ ಅಮ್ಮ ಅವತ್ತು ಎದುರಿಗೇ ಸಿಕ್ಕರು, ಲಕೋಟೆ ತೋರಿಸಿ ಎರಡು ಕಡೆಯ ಹೆಸರಿನ ಮೇಲೂ ಬೆರಳಿಟ್ಟು ಹುಬ್ಬೇರಿಸಿದ್ರು. ಜರ್ಮನ್‌ನಲ್ಲಿ ನನ್ನ ಅಪ್ಪ, ಅವರೂ ಪೋಸ್ಟ್‌ಮ್ಯಾನ್ ಅಂದೆ. ಇಷ್ಟು ಹೇಳೋಕೆ ನನ್ನ ಜರ್ಮನ್ ಸಾಕು.

ಮೇಲೆ ಹೋಗಿ ಒಡೆದೆ. ಮೊದಲ ಸಾಲು, "ಹಿತ್ತಲಿನ ಎಡಗಡೆ ತೆಂಗಿನ ಮರಕ್ಕೆ ನುಸಿ ಬಿದ್ದಿದೆ, ಈ ಸಲ ಕಾಯಿ ಕಮ್ಮಿ." ಎರಡನೇ ಸಾಲಿಂದ ಕುಶಲೋಪರಿ.